ಹುಲಿ ಹೊಗೆಸೊಪ್ಪು ಸೇದುತ್ತಿದ್ದ ಕಾಲದ ಕತೆ: ಕೊರಿಯಾ ಜನಪದ ಕತೆಗಳನ್ನು ಈಗಿನ ಮಕ್ಕಳಿಗೆ ಹೇಗೆ ಹೇಳುತ್ತೀರಿ?

ಕತೆಯಕ್ಕ_ಸುವೊನ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾವು ಕೊರಿಯಾದ ಸುವೊನ್‌ಗೆ ಬಂದು ಏಳು ವರ್ಷ ಆಯಿತು. ಶನಿವಾರ ಸಂಜೆ ನಮ್ಮ ಮನೆಯಲ್ಲಿ ಒಂಬತ್ತು ಕನ್ನಡ ಮಕ್ಕಳು ಸೇರುತ್ತಾರೆ. ಐದು ವರ್ಷದಿಂದ ಹನ್ನೊಂದು ವರ್ಷದವರೆಗೆ. ಮೊದಲು ಅಕ್ಷರ, ಆಮೇಲೆ ಕತೆ. ಪುಣ್ಯಕೋಟಿ, ತೆನಾಲಿ ರಾಮ ಎಲ್ಲ ಮುಗಿದವು. ಮಕ್ಕಳು ಬೆಳೆಯುತ್ತಿರುವುದು ಇಲ್ಲಿ, ಇಲ್ಲಿನ ಕತೆಗಳನ್ನೇ ಕನ್ನಡದಲ್ಲಿ ಹೇಳೋಣ ಅಂತ ಶುರು ಮಾಡಿದೆ. (ನಮ್ಮ "ಒಂದಾನೊಂದು ಕಾಲದಲ್ಲಿ" ಅನ್ನುವುದಕ್ಕೆ ಇಲ್ಲಿ "ಹುಲಿ ಹೊಗೆಸೊಪ್ಪು ಸೇದುತ್ತಿದ್ದ ಕಾಲದಲ್ಲಿ" ಅನ್ನುತ್ತಾರೆ.) ಅಲ್ಲೇ ಸಿಕ್ಕಿಹಾಕಿಕೊಂಡೆ.

ಕಳೆದ ವಾರ ಹೇಳಿದ್ದು ಸೂರ್ಯ ಚಂದ್ರರಾದ ಅಣ್ಣ ತಂಗಿಯ ಕತೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಬೆಟ್ಟದಾಚೆ ಹೋಗಿದ್ದ ಅಮ್ಮ ತಲೆ ಮೇಲೆ ಅಕ್ಕಿ ಕಡುಬಿನ ಬುಟ್ಟಿ ಹೊತ್ತು ಮನೆಗೆ ಬರುತ್ತಿರುತ್ತಾಳೆ. ಒಂದೊಂದು ದಿಣ್ಣೆ ಹತ್ತಿದಾಗಲೂ ಹುಲಿ ಅಡ್ಡ ನಿಲ್ಲುತ್ತದೆ. ಒಂದು ಕೊಟ್ಟರೆ ತಿನ್ನಲ್ಲ ಅನ್ನುತ್ತದೆ. ಬುಟ್ಟಿ ಖಾಲಿ ಆದ ಮೇಲೆ ಅಮ್ಮನನ್ನೇ ತಿನ್ನುತ್ತದೆ. ಅವಳ ಬಟ್ಟೆ ಹಾಕಿಕೊಂಡು ಹೋಗಿ ಬಾಗಿಲು ತಟ್ಟುತ್ತದೆ. ಮಕ್ಕಳು ಕೈ ತೋರಿಸು ಅನ್ನುತ್ತಾರೆ. ಪಂಜಕ್ಕೆ ಹಿಟ್ಟು ಬಳಿದುಕೊಂಡು ತೋರಿಸುತ್ತದೆ. ಮಕ್ಕಳು ಹಿಂಬಾಗಿಲಿಂದ ಓಡಿ ಮರ ಹತ್ತುತ್ತಾರೆ. ಅವರಿಗೆ ಆಕಾಶದಿಂದ ಗಟ್ಟಿ ಹಗ್ಗ ಇಳಿಯುತ್ತದೆ, ಹುಲಿಗೆ ಕೊಳೆತ ಹಗ್ಗ. ಹುಲಿ ಬಿದ್ದು ಸಾಯುತ್ತದೆ. ಮಕ್ಕಳು ಮೇಲೆ ಹೋಗಿ ಸೂರ್ಯ ಚಂದ್ರ ಆಗುತ್ತಾರೆ.

ಮಂಗಳವಾರ ಒಬ್ಬ ಹುಡುಗನ ಅಮ್ಮ ಮೆಸೇಜ್ ಹಾಕಿದರು: "ಮೂರು ದಿನದಿಂದ ನಾನು ಬಾಗಿಲು ತಟ್ಟಿದರೆ ಮೊದಲು ಕೈ ತೋರಿಸು ಅಂತಾನೆ." ನಗಬೇಕೋ ಕ್ಷಮೆ ಕೇಳಬೇಕೋ ಗೊತ್ತಾಗಲಿಲ್ಲ. ಎರಡೂ ಮಾಡಿದೆ.

ಮುಂದೆ ಹೇಳಬೇಕು ಅಂದುಕೊಂಡಿರುವವು ಕಟ್ಟಿಗೆ ಕಡಿಯುವವನು ಮತ್ತು ದೇವಕನ್ಯೆ, ಆಮೇಲೆ ಸಿಮ್‌ಚೊಂಗ್ ಅನ್ನುವ ಹುಡುಗಿಯ ಕತೆ. ಎರಡೂ ಇದಕ್ಕಿಂತ ಕಷ್ಟ. ಇಂಥ ಕತೆಗಳಲ್ಲಿ ಯಾವುದನ್ನು ಬದಲಾಯಿಸುತ್ತೀರಿ, ಯಾವುದನ್ನು ಮುಟ್ಟುವುದಿಲ್ಲ?

ನಿದ್ದೆಗೆಟ್ಟ_ಅಪ್ಪ

ನನ್ನ ಮಗಳಿಗೆ ನಾಲ್ಕೂವರೆ. ಅದೇ ಕತೆ ನಮ್ಮನೆಯಲ್ಲೂ ಓಡುತ್ತದೆ. ನಾನು ಅಮ್ಮನನ್ನು ಸಾಯಿಸುವುದಿಲ್ಲ. ಅಮ್ಮ ಬುಟ್ಟಿ ಬಿಸಾಕಿ ಪೊದೆಯಲ್ಲಿ ಅಡಗುತ್ತಾಳೆ, ಹುಲಿ ಬುಟ್ಟಿ ಮೇಲಿನ ಬಟ್ಟೆ ಸುತ್ತಿಕೊಂಡು ಹೋಗುತ್ತದೆ. ಕೊನೆಗೆ ಅಮ್ಮ ವಾಪಸು ಬರುತ್ತಾಳೆ. ಯಾರಿಗೂ ನಷ್ಟ ಇಲ್ಲ. ಹುಲಿ ಬಿಟ್ಟು.

ಹಳೇಪೇಪರ್

ಅಮ್ಮ ಬದುಕಿದ್ದರೆ ಮಕ್ಕಳು ಆಕಾಶಕ್ಕೆ ಯಾಕೆ ಹೋಗಬೇಕು ಸ್ವಾಮಿ? ಕೆಳಗೆ ಯಾರೂ ಇಲ್ಲ ಅಂತಲೇ ಅಲ್ವಾ ಮೇಲೆ ನೋಡಿ ಕೇಳಿಕೊಳ್ಳುವುದು? ಅಮ್ಮನನ್ನು ಉಳಿಸಿದಿರಿ ಅಂದುಕೊಳ್ಳಿ, ಬೆಳಗ್ಗೆ ಅವಳು ಮನೆಗೆ ಬರುತ್ತಾಳೆ. ಮಕ್ಕಳು ಸೂರ್ಯ ಚಂದ್ರ ಆಗಿ ಕೂತಿದ್ದಾರೆ. ಅದು ಇನ್ನೂ ಭಯಂಕರ ಕತೆ.

ಇನ್ನೊಂದು ವಿಷಯ. ಕತೆಯಕ್ಕ, ನೀವು ಹೇಳಿದ್ದೇ ಕತೆಯ ಮೆತ್ತಗಿನ ಪಾಠ, ಮೆತ್ತಗಿನ ರೂಪ. ಹಳಬರು ಹೇಳಿದ ಎಷ್ಟೋ ಪಾಠಗಳಲ್ಲಿ ಕಡುಬು ಮುಗಿದ ಮೇಲೆ ಹುಲಿ ಒಂದು ಕೈ ಕೊಡು ಅನ್ನುತ್ತದೆ. ಮುಂದಿನ ದಿಣ್ಣೆಯಲ್ಲಿ ಇನ್ನೊಂದು ಕೈ. ಆಮೇಲೆ ಕಾಲು. ಅಮ್ಮ ಆದರೂ ಮಕ್ಕಳು ಕಾಯುತ್ತಿವೆ ಅಂತ ಉರುಳಿಕೊಂಡು ಮನೆ ಕಡೆಗೇ ಹೋಗುತ್ತಾಳೆ.

ನಿದ್ದೆಗೆಟ್ಟ_ಅಪ್ಪ

ಸರ್, ರಾತ್ರಿ ಒಂಬತ್ತಕ್ಕೆ ಇದನ್ನು ಓದಿಸಿದ್ದಕ್ಕೆ ಥ್ಯಾಂಕ್ಸ್.

ಕತೆಯಕ್ಕ_ಸುವೊನ್

ಹಳೇಪೇಪರ್ ಸರ್, ಕೈಕಾಲಿನ ಪಾಠ ಗೊತ್ತಿತ್ತು, ಬೇಕಂತಲೇ ಬಿಟ್ಟೆ. ಆದರೆ ನಿಮ್ಮ ಮಾತು ಸರಿ, ಅಮ್ಮ ಸಾಯದೆ ಹಗ್ಗ ಇಳಿಯುವುದಿಲ್ಲ.

ವಿಚಿತ್ರ ಏನು ಗೊತ್ತಾ, ಇಲ್ಲಿನ ಮಕ್ಕಳಿಗೆ ಆ ಹುಲಿಯ ಮಾತು ಭಯದ್ದೇ ಅಲ್ಲ. "ತೊಕ್ ಹನಾ ಜುಮ್ಯೊನ್ ಆನ್ ಜಬಾಮೊಕ್ಜಿ." ಕಡುಬು ಒಂದು ಕೊಟ್ರೆ ಹಿಡಿದು ತಿನ್ನಲ್ಲಪ್ಪ, ಅಂತ. ಆ ಕೊನೆಯ "ಜಿ"ಯಲ್ಲಿ ಒಂದು ಕೀಟಲೆ ಇದೆ. ದೊಡ್ಡವರೂ ಆಫೀಸಿನಲ್ಲಿ ಪಕ್ಕದವರ ಚಿಪ್ಸ್ ಪ್ಯಾಕೆಟ್ ನೋಡಿ ಇದೇ ಸಾಲು ಹೇಳುತ್ತಾರೆ. ಕತೆ ಪೂರ್ತಿ ಮರೆತವರಿಗೂ ಈ ಸಾಲು ಬಾಯಿಗೆ ಬರುತ್ತದೆ. ಹಾಗಾಗಿ ಕನ್ನಡದಲ್ಲಿ ನನಗೆ ಮೊದಲು ಬೇಕಾದದ್ದು ಈ ಸಾಲು. ನಾನು ಮಾಡಿದ್ದು: "ಒಂದೇ ಒಂದು ಕಡುಬು ಕೊಡು, ಇಲ್ಲಾಂದ್ರೆ ನಿನ್ನೇ ತಿಂತೀನಿ ನೋಡು." ಪ್ರಾಸ ಕೂತಿತು, ಆದರೆ ಹುಲಿ ಬೈದ ಹಾಗಿದೆ. ಕೀಟಲೆ ಬರಲಿಲ್ಲ.

ಜೋಳದರೊಟ್ಟಿ

"ಕಡುಬು ಕೊಟ್ರೆ ಬಿಡ್ತೀನಿ, ಇಲ್ಲಾಂದ್ರೆ ಕಡೀತೀನಿ." ಹೆಂಗದ ನೋಡ್ರಿ.

ಕತೆಯಕ್ಕ_ಸುವೊನ್

ಅಯ್ಯೋ, ಇದು ಚೆನ್ನಾಗಿದೆ! ತಗೊಂಡೆ.

ಜೋಳದರೊಟ್ಟಿ

ತಗೊಳ್ರಿ. ಅಕ್ಕಾರ, ಒಂದು ಕೇಳೋದಿತ್ತು. ಆ ಹುಲಿ ಬೀಳೋದು ಎಲ್ಲಿ? ನಾ ಓದಿದ ಇಂಗ್ಲಿಷ್ ಅನುವಾದದಾಗ ಸುಮ್ನ "ಹೊಲ" ಅಂತ ಇತ್ತು.

ಕತೆಯಕ್ಕ_ಸುವೊನ್

ಸುಸು ಹೊಲ. ಸುಸು ಅಂದರೆ ಸೋರ್ಗಮ್. ಹುಲಿ ರಕ್ತ ಬಿದ್ದು ಅದರ ದಂಟು ಕೆಂಪಾಯಿತು ಅಂತ ಕತೆ. ನಾನು ಹಾಗೇ "ಸೋರ್ಗಮ್" ಅಂದೆ, ಮಕ್ಕಳು ಮಿಕಿಮಿಕಿ ನೋಡಿದರು.

ಜೋಳದರೊಟ್ಟಿ

ಅಕ್ಕಾರ!! ಸೋರ್ಗಮ್ ಅಂದ್ರ ಜೋಳ. ರೊಟ್ಟಿ ಜೋಳ. ಮೆಕ್ಕೆಜೋಳ ಅಲ್ಲ. ನಮ್ಮ ಹೊಲದಾಗ ನೋಡ್ರಿ, ಜೋಳದ ದಂಟಿಗೆ, ಎಲೆಗೆ ಎಲ್ಲಾದರೂ ಪೆಟ್ಟಾದರ, ಹುಳ ತಿಂದರ, ಅಲ್ಲಿ ಕೆಂಪು ಕಡುಕೆಂಪು ಮಚ್ಚೆ ಏಳ್ತಾವ. ಸಣ್ಣಾಂವ ಇದ್ದಾಗ ಅಜ್ಜಗ ಇದು ಯಾಕ ಅಂತ ಕೇಳಿದ್ದೆ. "ಹಂಗ ಇರ್ತದ, ಕಳೆ ತೆಗಿ" ಅಂದಿದ್ದ. ಈಗ ಗೊತ್ತಾತು, ಕೊರಿಯಾದ ಹುಲಿ ಬಿದ್ದಿತ್ತು.

ಕತೆಯಕ್ಕ_ಸುವೊನ್

ಏಳು ವರ್ಷದಿಂದ ಇಲ್ಲಿ ಅದೇ ಹಿಟ್ಟು ತಂದು ರೊಟ್ಟಿ ತಟ್ಟುತ್ತಿದ್ದೇನೆ. ಹೊಳೆದೇ ಇರಲಿಲ್ಲ. ತಲೆ ಚಚ್ಚಿಕೊಳ್ಳಬೇಕು.

ಮಲ್ಲಿಗೆಮೊಗ್ಗು

ಹುಲಿ ಕತೆಗೆ ನನ್ನ ತಕರಾರಿಲ್ಲ. ಮಕ್ಕಳು ಹೆದರಲಿ, ಹೆದರಿ ಗೆಲ್ಲಲಿ. ನನಗೆ ಕಷ್ಟ ಆಗುವುದು ಆ ದೇವಕನ್ಯೆ ಕತೆ. ಅದರಲ್ಲಿ ಯಾರೂ ಯಾರನ್ನೂ ತಿನ್ನಲ್ಲ. ಆದರೂ ಓದಿ ಮುಗಿಸಿದಾಗ ಹೊಟ್ಟೆ ತೊಳಸುತ್ತದೆ.

ಕುಮ್‌ಗಾಂಗ್ ಬೆಟ್ಟದ ಮಡುವಿನಲ್ಲಿ ದೇವಕನ್ಯೆಯರು ಸ್ನಾನಕ್ಕೆ ಇಳಿಯುತ್ತಾರೆ. ಕಟ್ಟಿಗೆಯವನು ಬೇಟೆಗಾರನಿಂದ ಉಳಿಸಿದ ಜಿಂಕೆಯೊಂದು ಅವನಿಗೆ ಸಲಹೆ ಕೊಡುತ್ತದೆ. ಒಬ್ಬಳ ಬಟ್ಟೆ ಬಚ್ಚಿಡು, ಅವಳು ಹಾರಲಾರಳು, ಮದುವೆ ಆಗು, ನಾಲ್ಕು ಮಕ್ಕಳಾಗುವವರೆಗೆ ಬಟ್ಟೆ ತೋರಿಸಬೇಡ. ಇದು ಸಹಾಯ ಮಾಡಿದ್ದಕ್ಕೆ ಪ್ರತಿಫಲವಂತೆ! ಮದುವೆ ಅಂತ ಕರೆಯುವುದಕ್ಕೆ ಇದರಲ್ಲಿ ಏನಿದೆ? ಕದ್ದದ್ದು, ಕೂಡಿಹಾಕಿದ್ದು. ಕೊರಿಯಾದಲ್ಲೇ ಹೆಂಗಸರು ಈ ಕತೆ ಬಗ್ಗೆ ಹೀಗೇ ಕೇಳುತ್ತಿದ್ದಾರೆ. ನನ್ನ ಹತ್ತು ವರ್ಷದ ಮಗಳಿಗೆ ಇದನ್ನು "ಪ್ರೇಮ ಕತೆ" ಅಂತ ನಾನು ಹೇಳಲ್ಲ.

ಹಳೇಪೇಪರ್

ಮೇಡಂ, ಪ್ರೇಮ ಕತೆ ಅಂತ ಹೆಸರಿಟ್ಟವರು ಚಿತ್ರಪುಸ್ತಕದವರು. ಕತೆ ಆ ಮಾತು ಎಲ್ಲೂ ಹೇಳಿಲ್ಲ. ಅವಳಿಗೆ ಬಟ್ಟೆ ಸಿಕ್ಕ ದಿನ ಏನು ಮಾಡುತ್ತಾಳೆ ನೋಡಿ. ಎರಡು ಕಂಕುಳಲ್ಲಿ ಎರಡು ಮಕ್ಕಳನ್ನು ಇರುಕಿಕೊಂಡು ಹಾರಿಬಿಡುತ್ತಾಳೆ. ಒಂದು ಮಾತಿಲ್ಲ, ಒಂದು ಕಣ್ಣೀರಿಲ್ಲ. ಮಕ್ಕಳು ನಾಲ್ಕಾಗಿದ್ದರೆ ಹೊತ್ತು ಹಾರಲು ಆಗುತ್ತಿರಲಿಲ್ಲ, ಅದಕ್ಕೇ ಜಿಂಕೆ ಹಾಗೆ ಎಣಿಕೆ ಹೇಳಿದ್ದು. ಕತೆ ಕಟ್ಟಿದವರಿಗೆ ಅವಳು ಖೈದಿ ಅಂತ ಚೆನ್ನಾಗಿ ಗೊತ್ತಿತ್ತು. ಹೇಳುವವರು ಮರೆತರು.

ಈ ಕತೆಗೆ ಕೊನೆಗಳು ಬೇಕಾದಷ್ಟಿವೆ. ಒಂದರಲ್ಲಿ ಅವಳು ಹಾರಿದಲ್ಲಿಗೇ ಮುಗಿಯುತ್ತದೆ. ಇನ್ನೊಂದರಲ್ಲಿ ಇವನೂ ಮೇಲೆ ಹೋಗಿ ಸೇರಿಕೊಳ್ಳುತ್ತಾನೆ. ಮೂರನೆಯದು ನನಗೆ ಇಷ್ಟ. ಮೇಲೆ ಹೋದವನಿಗೆ ಅಮ್ಮನ ನೆನಪು ಬರುತ್ತದೆ. ಹಾರುವ ಕುದುರೆ ಕೊಟ್ಟು ಕಳಿಸುತ್ತಾರೆ, ನೆಲ ಮುಟ್ಟಬೇಡ ಅಂತ ಹೇಳಿ. ಅಮ್ಮ ಕುದುರೆ ಮೇಲೆ ಕೂತವನಿಗೇ ಬಿಸಿ ಗಂಜಿ ಕೊಡುತ್ತಾಳೆ. ಗಂಜಿ ಕುದುರೆ ಬೆನ್ನಿಗೆ ಚೆಲ್ಲುತ್ತದೆ. ಕುದುರೆ ಬೆದರಿ ಎಗರುತ್ತದೆ. ಇವನು ನೆಲಕ್ಕೆ ಬೀಳುತ್ತಾನೆ. ಆಮೇಲೆ ಹುಂಜ ಆಗಿ, ಮನೆ ಮಾಡಿನ ಮೇಲೆ ನಿಂತು, ಆಕಾಶ ನೋಡಿ ಕೂಗುತ್ತಾನೆ.

ಹೊಸದಾಗಿ ಕಟ್ಟುವ ಕೆಲಸ ಏನೂ ಬೇಡ. ಇರುವುದರಲ್ಲಿ ಆರಿಸಿಕೊಳ್ಳಿ. ಸಿಯೋಲ್ ಹತ್ತಿರದ ಕೊರಿಯಾ ಅಧ್ಯಯನ ಸಂಸ್ಥೆಯವರು 1980ರ ದಶಕದಲ್ಲಿ ಊರೂರಿನ ಮುದುಕರಿಂದ ಬಾಯಿಮಾತಿನ ಕತೆ ಕೇಳಿ ಬರೆದು 82 ಸಂಪುಟ ತಂದಿದ್ದಾರೆ. ಕೊರಿಯನ್ ಬಂದರೆ ಅಲ್ಲಿ ಹೋಗಿ ನೋಡಿ, ನಿಮಗೆ ಬೇಕಾದ ಕೊನೆಯನ್ನು ಯಾವುದೋ ಅಜ್ಜಿ ಆಗಲೇ ಹೇಳಿರುತ್ತಾಳೆ.

ನಿದ್ದೆಗೆಟ್ಟ_ಅಪ್ಪ

ಆರಿಸುವುದೂ ಬದಲಾಯಿಸುವುದೇ ಅಲ್ವಾ ಸರ್? ನಾನು ಅಮ್ಮನನ್ನು ಬದುಕಿಸಿದರೆ ತಪ್ಪು, ಕತೆಯಕ್ಕ ಕೈಕಾಲಿನ ಪಾಠ ಬಿಟ್ಟು ಬೇರೆ ಪಾಠ ಹಿಡಿದರೆ ಸರಿ. ವ್ಯತ್ಯಾಸ ಏನು?

ಹಳೇಪೇಪರ್

ನಿಮ್ಮ ಪಾಠದಲ್ಲಿ ಬರೀ ನಿಮ್ಮ ಮಗಳ ನಿದ್ದೆ ಇದೆ. ಆ ಪಾಠಗಳನ್ನು ಹತ್ತು ಊರಿನವರು ಕೇಳಿ, ಇದು ನಿಲ್ಲುತ್ತೆ ಅಂತ ಉಳಿಸಿಕೊಂಡಿದ್ದಾರೆ. ಅಷ್ಟೇ. ನಿಮ್ಮದೂ ನಿಂತರೆ ನಿಲ್ಲಲಿ, ನಾನು ಯಾರು ಬೇಡ ಅನ್ನೋಕೆ.

ಮಲ್ಲಿಗೆಮೊಗ್ಗು

ಹುಂಜದ ಕೊನೆ ಗೊತ್ತಿರಲಿಲ್ಲ. ಅದನ್ನು ಹೇಳಬಹುದು. ಆದರೆ ಜಿಂಕೆಯನ್ನು ನಾನು ಒಳ್ಳೆಯ ಜಿಂಕೆ ಅಂತ ಹೇಳಲ್ಲ.

ಸೀರಿಯಲ್_ಅತ್ತೆ

ಬದಲಾಯಿಸುವ ವಿಷಯದಲ್ಲಿ ಇಷ್ಟೊಂದು ಮಡಿ ಯಾಕೆ? ಕೊರಿಯಾದವರೇ ಧಾರಾಳವಾಗಿ ಮಾಡುತ್ತಿದ್ದಾರೆ. ಒಂಬತ್ತು ಬಾಲದ ನರಿ, ಕುಮಿಹೊ, ಹಿಂದೆ ಮನುಷ್ಯರ ಪಿತ್ತಜನಕಾಂಗ ಕಿತ್ತು ತಿನ್ನುವ ಹೆಣ್ಣು. ಈಗ ಸೀರಿಯಲ್‌ಗಳಲ್ಲಿ ಅವಳು ನಾಯಕಿ. ಗಂಡು ಕುಮಿಹೊ ಕೂಡ ಬಂದ. ದೊಕ್ಕೆಬಿ ನೋಡಿ, ಕತೆಯಲ್ಲಿ ಹಳೇ ಪೊರಕೆಯಿಂದ ಹುಟ್ಟಿದವನು, ದಾರಿಹೋಕರನ್ನು ನಿಲ್ಲಿಸಿ ಕುಸ್ತಿಗೆ ಕರೆಯುವವನು. 2016ರ ಸೀರಿಯಲ್‌ನಲ್ಲಿ ಅವನೇ ಉದ್ದ ಕೋಟು ಹಾಕಿದ ಸುರಸುಂದರಾಂಗ. ಪೊರಕೆ ಇಂದ ಕೋಟಿಗೆ ಬಂದ. ನಾನಂತೂ ನೋಡಿ ಅತ್ತಿದ್ದೇನೆ.

2025ರಲ್ಲಿ ಬಂದ 'ಕೆ-ಪಾಪ್ ಡೀಮನ್ ಹಂಟರ್ಸ್' ಅನ್ನುವ ಪಾಪ್ ಹಾಡುಗಾರ್ತಿಯರ ಅನಿಮೇಷನ್‌ನಲ್ಲೂ ಹಳೇ ಜಾನಪದ ಚಿತ್ರಗಳ ಹುಲಿ ಮತ್ತು ಮ್ಯಾಗ್‌ಪೈ ಹಕ್ಕಿ ಜೋಡಿ ಇದೆ. ಓರೆಗಣ್ಣಿನ ಪೆದ್ದು ಹುಲಿ. ನಮ್ಮನೆ ಮೊಮ್ಮಗಳಿಗೆ ಕೊರಿಯಾ ಹುಲಿ ಅಂದರೆ ಅದೇ.

ರಂಗಸಜ್ಜಿಕೆ

ಅತ್ತೆ, ದೊಕ್ಕೆಬಿಗೆ ಕನ್ನಡದಲ್ಲಿ ಎಲ್ಲರೂ "ದೆವ್ವ" ಅಂತಾರೆ, ನನಗೆ ಅದು ಸರಿಬರಲ್ಲ. ಅವನು ಸತ್ತವರ ಆತ್ಮ ಅಲ್ಲ. ಮನುಷ್ಯರು ಬಳಸಿ ಬಿಸಾಕಿದ ಪೊರಕೆ, ಒನಕೆಯಂಥ ಸಾಮಾನಿನಿಂದ ಎದ್ದವನು. ಬಕ್‌ವೀಟ್ (ಕುಟ್ಟು) ಹಿಟ್ಟಿನ ಹಲ್ವದಂಥ ತಿಂಡಿ ಕಂಡರೆ ಪ್ರಾಣ. ಸಾಲ ತೀರಿಸಿದ್ದು ಮರೆತು ದಿನಾ ಬಂದು ಮತ್ತೆ ಮತ್ತೆ ತೀರಿಸುವ ಪೆದ್ದ. ಅವನ ಬೆಂಕಿಗೆ ಮಾತ್ರ ನಮ್ಮಲ್ಲಿ ಹೆಸರಿದೆ, ಕೊಳ್ಳಿದೆವ್ವ. ರಾತ್ರಿ ಗದ್ದೆ ಬಯಲಿನಲ್ಲಿ ಕಾಣುವ ದೀಪಕ್ಕೆ ಅವರೂ ದೊಕ್ಕೆಬಿ ಬೆಂಕಿ ಅಂತಾರೆ. ನಾನಾದರೆ ಹೆಸರು ಹಾಗೇ ಇಟ್ಟು "ದೊಕ್ಕೆಬಿ" ಅಂತಲೇ ಹೇಳುತ್ತೇನೆ.

ಚಿತ್ರ ಬಿಡಿಸುವವರು ಗಮನಿಸಿ: ತಲೆ ಮೇಲೆ ಕೋಡು, ಮುಳ್ಳಿನ ಗದೆ ಕೊಡಬೇಡಿ. ಆ ರೂಪ ಜಪಾನಿನ ಓನಿ ಅನ್ನುವ ರಾಕ್ಷಸನದು, ಜಪಾನ್ ಆಳ್ವಿಕೆ ಕಾಲದ ಪಠ್ಯಪುಸ್ತಕಗಳ ಮೂಲಕ ಸೇರಿಕೊಂಡಿತು ಅಂತ ಅಲ್ಲಿನ ಜಾನಪದ ವಿದ್ವಾಂಸರು ವಾದಿಸುತ್ತಾರೆ. ಮರುಹೇಳುವುದು ಅಂದರೆ ಬರೀ ಮಕ್ಕಳಿಗೆ ಮೆತ್ತಗೆ ಮಾಡುವುದಲ್ಲ, ಆಳುವವರೂ ಮರುಹೇಳುತ್ತಾರೆ.

ನಿರ್ವಾಹಕ

ಸೀರಿಯಲ್ ಮಾತು ಇಲ್ಲಿಗೆ ಸಾಕು, ಅದಕ್ಕೆ ಬೇರೆ ಎಳೆ ಇದೆ. ನಾಲ್ಕು ಪೋಸ್ಟ್ ಅಲ್ಲಿಗೆ ಸಾಗಿಸಿದ್ದೇನೆ.

ಸೀರಿಯಲ್_ಅತ್ತೆ

ಸಾಗಿಸಿ ಸಾಗಿಸಿ. ಅಲ್ಲೇ ಜನ ಜಾಸ್ತಿ.

ರಂಗಸಜ್ಜಿಕೆ

ಎಳೆಗೆ ವಾಪಸು. ನಾನು ಬಂದದ್ದು ಪಾನ್ಸೊರಿ ಬಗ್ಗೆ ಹೇಳೋಕೆ. ಹಾಡುವವರು ಒಬ್ಬರು, ಕೈಯಲ್ಲಿ ಬೀಸಣಿಗೆ. ಪಕ್ಕದಲ್ಲಿ ಬುಕ್ ಅನ್ನುವ ಡೋಲು ಹಿಡಿದವರು ಒಬ್ಬರು. ಇಬ್ಬರೇ ಸೇರಿ ಇಡೀ ಕತೆ ನಡೆಸುತ್ತಾರೆ. ಸ್ವಲ್ಪ ಮಾತು, ಸ್ವಲ್ಪ ಹಾಡು. ನಮ್ಮ ಹರಿಕತೆ ಕೇಳಿದವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಪೂರ್ತಿ ಒಂದು ಕತೆಗೆ ಎಂಟು ಗಂಟೆ ಹಿಡಿಯುವುದೂ ಉಂಟು. ಕೇಳುವವರು ಸುಮ್ನೆ ಕೂರಬಾರದು, ನಡುವೆ "ಒಲ್‌ಸಿಗು!", "ಚೋತಾ!" ಅಂತ ಕೂಗಬೇಕು. ಕೂಗದಿದ್ದರೆ ಹಾಡುವವರಿಗೆ ಏರುವುದಿಲ್ಲ.

ಈ ಕತೆಗಳನ್ನು "ಮೂಲದಲ್ಲಿ ಇದ್ದ ಹಾಗೆ" ಅನ್ನುವವರಿಗೆ ಒಂದು ಹೆಸರು ಹೇಳುತ್ತೇನೆ, ಸಿನ್ ಜೆಹ್ಯೊ. ಕೊಚಾಂಗ್ ಊರಿನವರು, 1812ರಿಂದ 1884. ಪಾನ್ಸೊರಿಯ ಆರು ಕತೆಗಳ ಸಾಹಿತ್ಯವನ್ನು ಕೂತು ತಿದ್ದಿ ಬರೆದರು. ದೊಡ್ಡ ಮನೆತನದವರ ಕಿವಿಗೆ ಹಿತವಾಗುವ ಹಾಗೆ ಸಾಕಷ್ಟು ಕಡೆ ನಯ ಮಾಡಿದರು. ಅದೇ ಮನುಷ್ಯ ಚಿನ್ ಚೆಸೊನ್ ಅನ್ನುವ ಹೆಣ್ಣುಮಗಳಿಗೆ ಕಲಿಸಿ, ಗಂಡಸರದ್ದೇ ಆಗಿದ್ದ ಆ ಹಾಡಿಗೆ ಹೆಣ್ಣು ದನಿ ತಂದರು. ಒಂದು ಕಡೆ ಮಡಿ, ಇನ್ನೊಂದು ಕಡೆ ಮಡಿ ಮುರಿದದ್ದು. ಆ ಆರರಲ್ಲಿ ಈಗ ಐದೇ ಹಾಡಿಕೆಯಲ್ಲಿ ಉಳಿದಿವೆ. ಆರನೆಯದು ಪೋಲಿ ಜಾಸ್ತಿ, ಇಲ್ಲಿ ಬರೆದರೆ ನಿರ್ವಾಹಕರು ಸಾಗಿಸುತ್ತಾರೆ.

ಐದರಲ್ಲಿ ಸುಗುಂಗ್‌ಗಾ ಅಂತ ಒಂದಿದೆ. ಸಮುದ್ರದ ನಾಗರಾಜನಿಗೆ ಕಾಯಿಲೆ. ಮೊಲದ ಪಿತ್ತಜನಕಾಂಗ ತಿಂದರೆ ವಾಸಿ. ಆಮೆ ಮೇಲೆ ಬಂದು ಮೊಲವನ್ನು ಪುಸಲಾಯಿಸಿ ಕರೆದುಕೊಂಡು ಹೋಗುತ್ತದೆ. ಮೊಲ "ಅಯ್ಯೋ, ಅದನ್ನು ಮನೇಲೇ ಬಿಟ್ಟು ಬಂದೆ" ಅಂದು ಪಾರಾಗುತ್ತದೆ. ಎಲ್ಲೋ ಕೇಳಿದ ಹಾಗಿದೆಯಾ?

ಕಬ್ಬಿನಗದ್ದೆ

ಮಂಗ ಮೊಸಳೆ! ನೇರಳೆ ಮರ! ಗುಂಡಿಗೆ ಮರದ ಮೇಲೆ ಇಟ್ಟಿದ್ದೀನಿ ಅಂತಾನಲ್ಲ.

ಹಳೇಪೇಪರ್

ಅದೇ. ಜಾತಕ ಕತೆಯಲ್ಲೂ ಇದೆ, ಬೌದ್ಧರ ಜೊತೆ ಚೀನಾ ದಾಟಿ ಹೋಯಿತು. ಕೊರಿಯಾದಲ್ಲಿ ಮಂಗ ಎಲ್ಲಿ ಬರಬೇಕು? ಮೊಲ ಆಯಿತು. 1145ರಲ್ಲಿ ಬರೆದ ಅವರ ಇತಿಹಾಸ ಗ್ರಂಥ ಸಮ್‌ಗುಕ್ ಸಗಿಯಲ್ಲಿ ಈ ಕತೆ ಬರುವ ರೀತಿ ನೋಡಿ. 642ರಲ್ಲಿ ಸಿಲ್ಲಾ ರಾಜ್ಯದ ಕಿಮ್ ಚುಂಚು ಸೈನ್ಯ ಕೇಳಲು ಕೊಗುರ್ಯೊಗೆ ಹೋಗುತ್ತಾನೆ. ಅಲ್ಲಿನ ರಾಜ ನಮ್ಮ ಹಳೇ ನೆಲ ವಾಪಸು ಕೊಡು ಅಂತ ಸೆರೆಗೆ ಹಾಕುತ್ತಾನೆ. ಒಬ್ಬ ಅಧಿಕಾರಿ ಬಂದು ಜೊತೆಯಲ್ಲಿ ಕುಡಿಯುತ್ತಾ "ಮೊಲ ಆಮೆ ಕತೆ ಕೇಳಿದ್ದೀಯಾ?" ಅನ್ನುತ್ತಾನೆ. ಚುಂಚುಗೆ ಅರ್ಥ ಆಯಿತು. ಊರಿಗೆ ಹೋಗಿ ನೆಲ ಕೊಡಿಸುತ್ತೇನೆ ಅಂದ. ಬಿಟ್ಟರು. ಗಡಿ ದಾಟಿದ ಮೇಲೆ, ಅದು ಜೀವ ಉಳಿಸಿಕೊಳ್ಳಲು ಹೇಳಿದ್ದು ಅಂದ.

ಮಕ್ಕಳ ಕತೆ ಅಂತ ಕರೆಯುತ್ತಿದ್ದೇವೆ. ಅವನ ತಲೆ ಉಳಿಸಿದ್ದು ಇದೇ.

ರಂಗಸಜ್ಜಿಕೆ

ಸರ್, ಸೊಗಸು. ಈಗ ನನ್ನ ನಿಜವಾದ ಗೋಳು. ಸುಗುಂಗ್‌ಗಾದಲ್ಲಿ ಒಂದು ಜಾಗ ಇದೆ. ಅಷ್ಟು ದೂರ ಕೆಳದವಡೆಯಿಂದ ನೀರು ತಳ್ಳುತ್ತಾ ಈಜಿ ದಡಕ್ಕೆ ಬಂದಾಗ ಆಮೆಯ ದವಡೆ ಮರಗಟ್ಟಿರುತ್ತದೆ. "ತೊ ಸೆಂಗ್‌ವೊನ್" ಅಂತ ಕರೆಯಬೇಕು, ಮೊಲರಾಯರೇ ಅಂತ. ನಾಲಿಗೆ ತೊದಲಿ "ಹೊ ಸೆಂಗ್‌ವೊನ್" ಆಗಿಬಿಡುತ್ತದೆ, ಹುಲಿರಾಯರೇ ಅಂತ. ಹುಲಿಗೆ ಜನ್ಮದಲ್ಲಿ ಯಾರೂ ರಾಯರೇ ಅಂದಿಲ್ಲ. ಖುಷಿಯಾಗಿ ಬೆಟ್ಟ ಇಳಿದು ಬರುತ್ತದೆ. 2020ರಲ್ಲಿ ಕೊರಿಯಾ ಪ್ರವಾಸೋದ್ಯಮದವರ ವಿಡಿಯೋದಲ್ಲಿ ಲೀನಲ್‌ಚಿ ಅನ್ನುವ ಬ್ಯಾಂಡ್ ಹಾಡಿ ಲೋಕವೆಲ್ಲ ಕುಣಿದದ್ದು ಈ ಹುಲಿ ಇಳಿದು ಬರುವ ಭಾಗಕ್ಕೇ. ಹಳೇ ಪಾನ್ಸೊರಿ ಸಾಲುಗಳು, ಕೆಳಗೆ ಬಾಸ್ ಗಿಟಾರ್. ಮಾತು ಬದಲಾಯಿಸಲೇ ಇಲ್ಲ, ತಾಳ ಬದಲಾಯಿಸಿದರು.

ತೊ, ಹೊ. ಒಂದೇ ಅಕ್ಷರದಲ್ಲಿ ಮೊಲ ಹುಲಿ ಆಗಬೇಕು. ಕನ್ನಡದಲ್ಲಿ ಇದನ್ನು ಹೇಗೆ ಮಾಡಲಿ? ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ.

ಕಬ್ಬಿನಗದ್ದೆ

ಗುರುಗಳೇ, ದವಡೆ ಮರಗಟ್ಟಿದೆ ಅಂದರೆ ತುಟಿ ಮುಚ್ಚಲು ಆಗಲ್ಲ, ಹೌದಾ? ತುಟಿ ಮುಚ್ಚದೆ "ಮ" ಹೇಳಿ ನೋಡಿ. ಬರಲ್ಲ. "ಮೊಲಯ್ಯಾ" ಅನ್ನಲು ಹೋದರೆ "ಒಲಯ್ಯಾ" ಆಗುತ್ತದೆ. ಇನ್ನೂ ಸ್ವಲ್ಪ ಬಾಯಿ ಸೊಟ್ಟಗಾದರೆ "ಉಲಯ್ಯಾ".

ನಮ್ಮ ಮಂಡ್ಯ ಕಡೆ ಹುಲಿಗೆ ಉಲಿ ಅಂತಲೇ ಅನ್ನೋದು.

ರಂಗಸಜ್ಜಿಕೆ

...

ರಂಗಸಜ್ಜಿಕೆ

ಸ್ವಾಮಿ, ನೀವು ಎಲ್ಲಿದ್ದೀರಿ? ಕಾಲಿಗೆ ಬೀಳಬೇಕು.

ಕಬ್ಬಿನಗದ್ದೆ

ಗುಡ್ಡದ ಮೇಲಿಂದ ಹುಲಿ: "ಯಾರ್ಲಾ ಅದು, ನನ್ನ ಅಯ್ಯಾ ಅಂದೋನು? ಇನ್ನೊಂದ್ಸಲ ಅನ್ನು!" ಅಷ್ಟೇ. ಆಮೆಗೆ ಇನ್ನೊಂದು ಸಲ ಅನ್ನೋಕೆ ದವಡೆ ಎಲ್ಲಿದೆ.

ಜೋಳದರೊಟ್ಟಿ

ಧಾರವಾಡದಾಗ ಈ ಆಟ ನಡೆಯೂದಿಲ್ಲ. ನಮ್ಮ ಹುಲಿಗೆ ಹಕಾರ ಗಟ್ಟಿ ಅದ. ಮಂಡ್ಯದ ಹುಲೀನ ಬೆಟ್ಟ ಇಳೀಲಿ.

ಕತೆಯಕ್ಕ_ಸುವೊನ್

ನಗು ತಡೆಯೋಕೆ ಆಗುತ್ತಿಲ್ಲ. ಈ ವಾರ ಇದನ್ನೇ ಹೇಳುತ್ತೇನೆ. ಆದರೆ ಸಿಮ್‌ಚೊಂಗ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದು ನನಗೆ ಗಂಟಲಲ್ಲಿ ಸಿಕ್ಕ ಮುಳ್ಳು.

ಕುರುಡ ಅಪ್ಪ ಹಳ್ಳಕ್ಕೆ ಬೀಳುತ್ತಾನೆ. ಎತ್ತಿದ ಬೌದ್ಧ ಭಿಕ್ಷು, ದೇವಸ್ಥಾನಕ್ಕೆ ಮುನ್ನೂರು ಸೊಕ್ ಅಕ್ಕಿ ಕೊಟ್ಟರೆ ಕಣ್ಣು ಬರುತ್ತದೆ ಅನ್ನುತ್ತಾನೆ. ಅಪ್ಪ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡು ಬರುತ್ತಾನೆ. ಮನೆಯಲ್ಲಿ ಮುನ್ನೂರು ಹಿಡಿ ಅಕ್ಕಿ ಇಲ್ಲ. ಇಂದಂಗ್‌ಸು ಅನ್ನುವ ಕಡಲಿಗೆ ಬಲಿ ಕೊಡಲು ಹದಿನೈದರ ಹುಡುಗಿಯನ್ನು ಹುಡುಕುತ್ತಿದ್ದ ಹಡಗಿನವರಿಗೆ ಸಿಮ್‌ಚೊಂಗ್ ತನ್ನನ್ನೇ ಮಾರಿಕೊಳ್ಳುತ್ತಾಳೆ. ಕಡಲಿಗೆ ಹಾರುತ್ತಾಳೆ. ತಾವರೆಯಲ್ಲಿ ವಾಪಸು ಬಂದು ರಾಣಿ ಆಗುತ್ತಾಳೆ. ದೇಶದ ಕುರುಡರಿಗೆಲ್ಲ ಊಟ ಹಾಕಿಸುತ್ತಾಳೆ. ಅಪ್ಪ ಬರುತ್ತಾನೆ, ಮಗಳ ದನಿ ಕೇಳಿ ಕಣ್ಣು ಬಿಡುತ್ತಾನೆ.

ಹಿಂದೊಮ್ಮೆ ಅರ್ಧ ಹೇಳಿದ್ದೆ. ಎಂಟು ವರ್ಷದ ಹುಡುಗಿ ಕೇಳಿದಳು: "ಆಂಟಿ, ಸಾಲ ಮಾಡಿದ್ದು ಅಪ್ಪ. ಹಾರಿದ್ದು ಇವಳು ಯಾಕೆ?" ನಾನು ಬಿಸ್ಕತ್ ಹಂಚೋಕೆ ಎದ್ದುಹೋದೆ.

ಜೋಳದರೊಟ್ಟಿ

ಒಂದು ಸೊಕ್ ಅಂದ್ರ ಈಗಿನ ಲೆಕ್ಕದಾಗ 144 ಕೆಜಿ ಅಕ್ಕಿ ಅಂತ. ಮುನ್ನೂರಕ್ಕ 43,200 ಕೆಜಿ. ನಾಲ್ಕು ಲಾರಿ ಲೋಡು. ಒಪ್ಪಿಕೊಂಡು ಬಂದಾನಲ್ಲ ಮಾರಾಯ.

ಮಲ್ಲಿಗೆಮೊಗ್ಗು

ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಬಿಸ್ಕತ್ ಜಾಸ್ತಿ ಕೊಡಿ. ನಾನಾದರೆ ಈ ಕತೆ ಹೇಳುವುದೇ ಇಲ್ಲ. ಹೆತ್ತವರಿಗಾಗಿ ಸಾಯಿ ಅಂತ ಹೆಣ್ಣುಮಕ್ಕಳಿಗೆ ಹೇಳುವ ಕತೆ ನಮ್ಮಲ್ಲೇ ಬೇಕಾದಷ್ಟಿದೆ. ಕೆರೆಗೆ ಹಾರ ಆಯಿತಲ್ಲ, ಕಡಲಿಗೆ ಹಾರ ಬೇರೆ ಬೇಕಾ?

ರಂಗಸಜ್ಜಿಕೆ

ಅಕ್ಕ, ಪಾನ್ಸೊರಿಯಲ್ಲಿ ಒಮ್ಮೆ ಕೇಳಿ, ಆಮೇಲೆ ಬೇಡ ಅನ್ನಿ. ಅಲ್ಲಿ ಅಪ್ಪನನ್ನು ಸುಮ್ನೆ ಬಿಟ್ಟಿಲ್ಲ. ಮಗಳು ಹೋದ ಮೇಲೆ ಅವನು ಪೆಂಗ್‌ದೊಕ್ ಅಮ್ಮ ಅನ್ನುವವಳನ್ನು ಕಟ್ಟಿಕೊಳ್ಳುತ್ತಾನೆ. ಅವಳು ಇದ್ದ ಅಕ್ಕಿಯೆಲ್ಲ ಮಾರಿ ತಿಂದು ಕುಡಿದು ಮುಗಿಸಿ, ದಾರಿಯಲ್ಲಿ ಇನ್ನೊಬ್ಬ ಕುರುಡನ ಜೊತೆ ಓಡಿಹೋಗುತ್ತಾಳೆ. ಜನ ಬಿದ್ದು ಬಿದ್ದು ನಗುತ್ತಾರೆ. ಮಗಳನ್ನು ಕಡಲಿಗೆ ಕಳಿಸಿದವನ ಗತಿ ಇದು. ಚಿತ್ರಪುಸ್ತಕದಲ್ಲಿ ಅಪ್ಪ ಬರೀ ಪಾಪದವನು, ಮಗಳು ಬರೀ ಗೊಂಬೆ. ನಗು ತೆಗೆದರು, ಉಪದೇಶ ಉಳಿಯಿತು.

ಮತ್ತೆ ಆ ಕೊನೆ. ಅಪ್ಪನಿಗೊಬ್ಬನಿಗೆ ಕಣ್ಣು ಬರುವುದಲ್ಲ. ಊಟಕ್ಕೆ ಬಂದ ಕುರುಡರಿಗೆಲ್ಲ ಬರುತ್ತದೆ. ಊಟ ಮುಗಿಸಿ ಹೊರಟವನಿಗೆ ದಾರಿಯಲ್ಲಿ ಬರುತ್ತದೆ. ಬರುತ್ತಿದ್ದವನಿಗೆ ಬರುತ್ತಾ ಬರುತ್ತದೆ. ತೂಕಡಿಸುತ್ತಿದ್ದವನಿಗೆ ತಟ್ಟನೆ ಬರುತ್ತದೆ. ಕುರುಡು ಹಕ್ಕಿಗೂ ಪ್ರಾಣಿಗೂ ಬರುತ್ತದೆ. ಹಾಡುವವರು ಪಟಪಟ ಅಂತ ಇದನ್ನು ಎಣಿಸುತ್ತಾ ಹೋದ ಹಾಗೆ ಕೂತವರು ಕೂಗೋಕೆ ಶುರು ಮಾಡುತ್ತಾರೆ. ಆ ಪಟ್ಟಿ ಬಿಟ್ಟು ಸಿಮ್‌ಚೊಂಗ್ ಹೇಳಬೇಡಿ.

ಮಲ್ಲಿಗೆಮೊಗ್ಗು

ಪೆಂಗ್‌ದೊಕ್ ಅಮ್ಮ ಇದ್ದರೆ ನೋಡಬಹುದು. ಹಾಂ, ನೋಡಬಹುದು ಅಂದೆ, ಹೇಳುತ್ತೇನೆ ಅಂದಿಲ್ಲ.

ನಿದ್ದೆಗೆಟ್ಟ_ಅಪ್ಪ

ನನ್ನದೊಂದು ಅನುಭವ. ಒಂದು ಆಡಿಯೋ ಆ್ಯಪ್‌ನವರಿಗೆ ಹೋದ ವರ್ಷ ನಾಲ್ಕು ಕೊರಿಯಾ ಕತೆ ಓದಿಕೊಟ್ಟೆ. ಕೊಂಗ್‌ಜ್ವಿ ಅನ್ನುವ ಹುಡುಗಿಗೆ ಮಲತಾಯಿ ಕಾಟ ಕೊಡುವ ಕತೆಯಲ್ಲಿ ಅವರು ಮಲತಾಯಿ ತೆಗೆಯಿರಿ ಅಂದರು. "ಟೀಚರ್" ಮಾಡಿದೆ. ಟೀಚರ್ ಬೇಡ ಅಂದರು. "ನೆರೆಮನೆಯವಳು" ಮಾಡಿದೆ. ಕೊನೆಗೆ ಕೊಂಗ್‌ಜ್ವಿಗೆ ತೂತು ಮಡಕೆಯಲ್ಲಿ ನೀರು ತುಂಬಿಸು ಅಂತ ಹೇಳುವವರೇ ಯಾರೂ ಇರಲಿಲ್ಲ. ಅವಳೇ ಹೋಗಿ ತೂತು ಮಡಕೆಗೆ ನೀರು ತುಂಬುತ್ತಾಳೆ. ಹುಚ್ಚಿಯ ಹಾಗೆ. ಅದನ್ನು ಓದಿದ್ದು ನನ್ನದೇ ದನಿ. ಆವತ್ತು ಹಳೇಪೇಪರ್ ಸರ್ ಇದ್ದಿದ್ದರೆ ಬೈಸಿಕೊಂಡು ಸರಿಹೋಗುತ್ತಿದ್ದೆ.

ಹಳೇಪೇಪರ್

ಹಳೇ ಪಾಠದಲ್ಲಿ ಆ ಮಲತಾಯಿಗೆ ಕೊನೆಗೆ ಒಂದು ಜಾಡಿ ಉಪ್ಪಿನಕಾಯಿ ಥರದ್ದು ಬರುತ್ತದೆ. ಅದು ಯಾರದ್ದು ಅಂತ ಇಲ್ಲಿ ಹೇಳಲ್ಲ. ನಿಮಗೆ ನಿದ್ದೆ ಬರಲ್ಲ.

ಸರಿ, ನನ್ನಿಂದ ಇನ್ನೊಂದು ಕತೆ, ಆಮೇಲೆ ಮಲಗುತ್ತೇನೆ. ಕೊರಿಯಾದ್ದೇ. ಒಬ್ಬ ಹುಡುಗನಿಗೆ ಕತೆ ಕೇಳುವ ಹುಚ್ಚು. ಕೇಳಿದ್ದನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಬಾಯಿ ಬಿಗಿದು ಗೋಡೆಗೆ ನೇತುಹಾಕುತ್ತಾನೆ. ಯಾರಿಗೂ ಹೇಳುವುದಿಲ್ಲ. ವರ್ಷಗಟ್ಟಲೆ ಒಳಗಿದ್ದು ಕತೆಗಳಿಗೆ ಉಸಿರು ಕಟ್ಟುತ್ತದೆ. ಅವನ ಮದುವೆ ಹಿಂದಿನ ರಾತ್ರಿ ಪಿಸುಗುಟ್ಟಿಕೊಳ್ಳುತ್ತವೆ. ಒಂದು, ನಾನು ದಾರಿಬದಿಯಲ್ಲಿ ವಿಷದ ಹಣ್ಣಾಗುತ್ತೇನೆ ಅನ್ನುತ್ತದೆ. ಇನ್ನೊಂದು, ನಾನು ವಿಷದ ನೀರು. ಮತ್ತೊಂದು, ನಾನು ಹಾವಾಗಿ ಹಾಸಿಗೆ ಕೆಳಗೆ ಇರುತ್ತೇನೆ. ಒಲೆ ಮುಂದೆ ಕೂತ ಆಳು ಕೇಳಿಸಿಕೊಳ್ಳುತ್ತಾನೆ, ಕಾಪಾಡುತ್ತಾನೆ.

ರಂಗಸಜ್ಜಿಕೆ

ಸರ್, ಮೈ ಜುಮ್ಮೆಂದಿತು. ನಮ್ಮ ಕನ್ನಡದ್ದೇ ಇದೆಯಲ್ಲ, ಒಬ್ಬಳಿಗೆ ಒಂದು ಕತೆ ಒಂದು ಹಾಡು ಗೊತ್ತು, ಯಾರಿಗೂ ಹೇಳಲ್ಲ. ಅವು ಹೊರಗೆ ಬಂದು ಮೆಟ್ಟು, ಅಂಗಿ ಆಗಿ ಬಾಗಿಲಲ್ಲಿ ಕೂತು ಗಂಡನಿಗೆ ಅನುಮಾನ ಹುಟ್ಟಿಸುತ್ತವೆ. ಗುಡಿಯಲ್ಲಿ ದೀಪಗಳು ಸೇರಿ ಇದನ್ನು ಮಾತಾಡಿಕೊಳ್ಳುತ್ತವೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದು. ಕಾರ್ನಾಡರ 'ನಾಗಮಂಡಲ' ಶುರುವಾಗುವುದೂ ಆ ದೀಪಗಳಿಂದಲೇ. ಅಲ್ಲಿ ಚೀಲ, ಇಲ್ಲಿ ಹೆಂಗಸಿನ ಬಾಯಿ.

ಕತೆಯಕ್ಕ_ಸುವೊನ್ (ಭಾನುವಾರ ಬೆಳಗ್ಗೆ)

ವರದಿ ಒಪ್ಪಿಸುತ್ತಿದ್ದೇನೆ.

ನಿನ್ನೆ ಆಮೆ ಮೊಲ ಹೇಳಿದೆ. "ಉಲಯ್ಯಾ" ಅಂದಾಗ ಎಲ್ಲ ಮಕ್ಕಳೂ ತುಟಿ ಮುಚ್ಚದೆ "ಮ" ಹೇಳೋಕೆ ಹೋಗಿ ಜೊಲ್ಲು ಸುರಿಸಿಕೊಂಡರು. ಆಮೇಲೆ ಹುಲಿ ಬೆಟ್ಟ ಇಳಿಯುವುದನ್ನು ಆಡಿ ತೋರಿಸಬೇಕು ಅಂದವು. ಒಂಬತ್ತು ಹುಲಿಗಳು ಸೋಫಾದಿಂದ ಇಳಿದವು. ಎರಡನೇ ಸಲ ಇಳಿಯುವಾಗ ಬೆಲ್ ಆಯಿತು. ಕೆಳಗಿನ ಮನೆ ಹಲ್ಮೊನಿ, ಅಂದರೆ ಅಜ್ಜಿ. ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಲಿನ ಮನೆ ಸದ್ದು ಅಂದರೆ ದೊಡ್ಡ ಜಗಳದ ವಿಷಯ. ನಾನು ಸೊಂಟ ಬಗ್ಗಿಸಿ ಕ್ಷಮೆ ಕೇಳುತ್ತಾ, ಮಕ್ಕಳಿಗೆ ಹುಲಿ ಕತೆ ಹೇಳುತ್ತಿದ್ದೆ ಅಂದೆ.

ಯಾವ ಹುಲಿ ಅಂತ ಕೇಳಿದರು. ಹೋದ ವಾರದ್ದೂ ಹೇಳಿದೆ. ಅಜ್ಜಿ ಚಪ್ಪಲಿ ಬಿಟ್ಟು ಒಳಗೇ ಬಂದರು. ನೀನು ಕೊನೆ ತಪ್ಪು ಹೇಳಿದ್ದೀಯ ಅಂದರು. ಮೊದಲು ಅಣ್ಣ ಸೂರ್ಯ, ತಂಗಿ ಚಂದ್ರ. ಆದರೆ ತಂಗಿಗೆ ರಾತ್ರಿ ಕತ್ತಲು ಅಂದರೆ ಭಯ. ಅದಕ್ಕೆ ಅದಲು ಬದಲು ಮಾಡಿಕೊಂಡರು. ಈಗ ಹಗಲಲ್ಲಿ ಎಲ್ಲರೂ ಅವಳನ್ನೇ ನೋಡುತ್ತಾರೆ, ನಾಚಿಕೆ. ಅದಕ್ಕೇ ಯಾರೂ ಕಣ್ಣಿಟ್ಟು ನೋಡಲು ಆಗದ ಹಾಗೆ ಬೆಳಗುತ್ತಾಳೆ. ಅಜ್ಜಿ ಕೊರಿಯನ್‌ನಲ್ಲಿ ಹೇಳಿದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಕನ್ನಡದಲ್ಲಿ ಹೇಳಿದರು. ನನಗೆ ಕೆಲಸವೇ ಇರಲಿಲ್ಲ.

ಕೈ ತೋರಿಸು ಅನ್ನುತ್ತಿದ್ದ ಹುಡುಗ ಅಜ್ಜಿ ಹತ್ತಿರ ಹೋಗಿ, ಕೈ ತೋರಿಸಿ ಅಂದ. ಅವರು ಎರಡೂ ಕೈ ಮುಂದೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿ ಬಿಟ್ಟ.

ಹೋಗುವಾಗ ಅಜ್ಜಿ ಹೇಳಿದ್ದು: ಮುಂದಿನ ಶನಿವಾರ ಹುಲಿ ಮೆತ್ತಗೆ ಇಳಿಯಲಿ.

ಮುಂದಿನ ವಾರ ಕೊಂಗ್‌ಜ್ವಿ, ಮಲತಾಯಿ ಸಮೇತ. ಮಡಕೆ ತೂತಿಗೆ ಬೆನ್ನು ಕೊಟ್ಟು ಕೂರುವ ಪ್ರಾಣಿ ಇದೆಯಲ್ಲ, ಬರೀ ಕಪ್ಪೆ ಅನ್ನಲಾ?

ಜೋಳದರೊಟ್ಟಿ

ನೆಲಗಪ್ಪೆ ಅನ್ರಿ. ಬರೀ ಕಪ್ಪೆ ಬೆನ್ನು ಜಾರತದ, ತೂತು ಮುಚ್ಚೂದಿಲ್ಲ.